ವಲಸೆ ನಿರ್ಬಂಧದ ಸಂಧಾನಗಳು ಮತ್ತು ಬೆನಗಲ್ ರಾಮರಾವ್ : ದಕ್ಷಿಣ ಆಫ್ರಿಕಾದ ಒಂದು ಅಧ್ಯಾಯ

ಹುಬ್ಬಳ್ಳಿಯ ಆಧುನಿಕ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ರೈಲ್ವೆಗೆ ದೊಡ್ಡ ಸ್ಥಾನವಿದೆ. ರೈಲ್ವೆಯೊಡನೆ ಇಲ್ಲಿಗೆ ಬಂದು ನೆಲೆಸಿದ ಹೊರನಾಡಿನ ಕುಟುಂಬಗಳಲ್ಲಿ ಕಾಶ್ಮೀರಿ ಪಂಡಿತರಾದ ಹಂಡೂ ಮನೆತನವೂ ಒಂದು. ಆ ಮನೆತನದ ಧನ್ವಂತಿ 1893ರಲ್ಲಿ ಹುಬ್ಬಳ್ಳಿಯಲ್ಲಿ ಜನಿಸಿದರು. ಮುಂದೆ ಭಾರತೀಯ ಕುಟುಂಬ ಯೋಜನಾ ಸಂಘದ ಸ್ಥಾಪಕಿಯಾಗಿ ಪ್ರಸಿದ್ಧರಾದ ಇವರು ದಕ್ಷಿಣ ಕನ್ನಡ ಮೂಲದ ಐ.ಸಿ.ಎಸ್. ಅಧಿಕಾರಿ ಬೆನಗಲ್ ರಾಮರಾವ್ ಅವರನ್ನು ವಿವಾಹವಾದರು. ಸಂವಿಧಾನ ರಚನೆಯಲ್ಲಿ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾಯರು ರಾಮರಾಯರ ಅಣ್ಣ. ಅದೇ ಹೆಸರಿನ ಕನ್ನಡ ವಿದ್ವಾಂಸರು ಬೇರೆಯವರೆಂಬುದನ್ನು ಗಮನಿಸಬೇಕು. ರಾಮರಾಯರು 1938ರಿಂದ 1941ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಭಾರತ ಸರಕಾರದ ಪ್ರತಿನಿಧಿಯಾಗಿದ್ದರು. ಈ ಅವಧಿಯ ಸಂಧಾನಗಳನ್ನು ಚೀನಾ ಮತ್ತು ಜಪಾನುಗಳ ಸಂಧಾನಗಳೊಡನೆ ಹೋಲಿಸಿ ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಏಷ್ಯನ್ನರ ವಲಸೆಯನ್ನು ತಡೆಯುವ ಕಾನೂನುಗಳಿಗೆ ನಟಾಲ್ ವಸಾಹತಿನ 1897ರ ಶಾಸನ ಮಾದರಿಯಾಯಿತು. ಅದರಲ್ಲಿ ಜನಾಂಗದ ಹೆಸರಿರಲಿಲ್ಲ. ಯಾವುದಾದರೊಂದು ಯುರೋಪಿಯನ್ ಭಾಷೆಯಲ್ಲಿ ಬರೆಯಬಲ್ಲವರಿಗೆ ಮಾತ್ರ ಪ್ರವೇಶವಿತ್ತು. ಜಪಾನಿನಂತಹ ರಾಷ್ಟ್ರವನ್ನು ನೋಯಿಸದೆ, ಭಾರತದ ಪ್ರಜೆಗಳನ್ನು ಹೆಸರು ಹಿಡಿದು ಹೊರಗಿಡದೆ ಕೆಲಸ ಸಾಧಿಸುವ ಈ ಉಪಾಯವನ್ನು ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲೇನ್ ಇತರ ವಸಾಹತುಗಳಿಗೂ ಸೂಚಿಸಿದನು.

ಚೀನಾದ ಸ್ಥಿತಿ ಬೇರೆಯಾಗಿತ್ತು. ಟ್ರಾನ್ಸ್‌ವಾಲಿನ ಚಿನ್ನದ ಗಣಿಗಳಿಗೆ ಕೂಲಿಗಳು ಬೇಕಾದಾಗ ಬ್ರಿಟನ್ನು 1904ರ ಮೇ 13ರಂದು ಚೀನಾದ ಚಿಂಗ್ ಸರಕಾರದೊಡನೆ ಒಪ್ಪಂದ ಮಾಡಿಕೊಂಡಿತು. ಅದರಂತೆ 60,000ಕ್ಕೂ ಹೆಚ್ಚು ಚೀನೀಯರು ಕರಾರಿನ ಮೇಲೆ ಬಂದರು. ಅದೇ ವರ್ಷ ಕೇಪ್ ವಸಾಹತು ಚೀನೀಯರ ಪ್ರವೇಶವನ್ನು ನಿಷೇಧಿಸುವ ಕಾನೂನನ್ನು ಮಾಡಿತು. ಗಣಿಗಳ ಕೂಲಿಗಳನ್ನು 1910ರ ವೇಳೆಗೆ ಹಿಂದಕ್ಕೆ ಕಳುಹಿಸಲಾಯಿತು. ದುಡಿಮೆ ಬೇಕು, ದುಡಿಯುವವನು ಬೇಡ ಎಂಬ ಧೋರಣೆ ಇಲ್ಲಿ ಸ್ಪಷ್ಟವಾಗಿದೆ. ದಕ್ಷಿಣ ಆಫ್ರಿಕಾ ಒಕ್ಕೂಟದ 1913ರ ವಲಸೆ ಶಾಸನವು ಎಲ್ಲ ಏಷ್ಯನ್ನರನ್ನೂ ಹೊರಗಿಡಲು ಮಂತ್ರಿಗೆ ಅಧಿಕಾರ ನೀಡಿತು. ಆದರೆ 1930ರಲ್ಲಿ ಜಪಾನ್ ಪತ್ರ ವಿನಿಮಯದ ಮೂಲಕ ತನ್ನ ವರ್ತಕರು, ವಿದ್ಯಾರ್ಥಿಗಳು ಮತ್ತು ಪ್ರವಾಸಿಗಳಿಗೆ ವಿನಾಯಿತಿ ಪಡೆಯಿತು. ವ್ಯಾಪಾರದ ಬಲವಿದ್ದ ಸ್ವತಂತ್ರ ರಾಷ್ಟ್ರಕ್ಕೆ ದೊರೆತ ಮನ್ನಣೆಯಿದು.

ಭಾರತಕ್ಕೆ ಇಂತಹ ಬಲವಿರಲಿಲ್ಲ. 1918ರ ಸಾಮ್ರಾಜ್ಯ ಯುದ್ಧ ಸಮ್ಮೇಳನದಲ್ಲಿ, ತನ್ನ ಜನಸಂಖ್ಯೆ ಹೇಗಿರಬೇಕೆಂದು ನಿರ್ಧರಿಸುವ ಹಕ್ಕು ಪ್ರತಿಯೊಂದು ಡೊಮಿನಿಯನ್ನಿಗೂ ಇದೆಯೆಂಬುದನ್ನು ಭಾರತದ ಪ್ರತಿನಿಧಿಗಳೂ ಒಪ್ಪಿದ್ದರು. ಆದುದರಿಂದ ಮುಂದಿನ ಸಂಧಾನಗಳಲ್ಲಿ ಪ್ರವೇಶದ ಪ್ರಶ್ನೆ ಹಿಂದೆ ಸರಿದು, ಅಲ್ಲಿ ಈಗಾಗಲೇ ನೆಲೆಸಿದವರ ಬದುಕೇ ಮುಖ್ಯ ವಿಷಯವಾಯಿತು. 1927ರ ಕೇಪ್‌ಟೌನ್ ಒಪ್ಪಂದವು ಒಂದೆಡೆ ಭಾರತೀಯರು ಸಹಾಯಧನ ಪಡೆದು ಸ್ವದೇಶಕ್ಕೆ ಮರಳುವ ಯೋಜನೆಯನ್ನೂ, ಇನ್ನೊಂದೆಡೆ ಉಳಿದವರ ಉನ್ನತಿಯ ಭರವಸೆಯನ್ನೂ ಒಳಗೊಂಡಿತ್ತು. ಅದರ ಫಲವಾಗಿ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು ಭಾರತದ ಮೊದಲ ಪ್ರತಿನಿಧಿಯಾಗಿ ನಿಯುಕ್ತರಾದರು.

ರಾಮರಾಯರು ಅಧಿಕಾರ ವಹಿಸಿಕೊಂಡಾಗ ಆ ಭರವಸೆ ಕುಸಿಯತೊಡಗಿತ್ತು. 1939ರ ಶಾಸನವು ಟ್ರಾನ್ಸ್‌ವಾಲಿನಲ್ಲಿ ಏಷ್ಯನ್ನರ ಹೊಸ ವ್ಯಾಪಾರ ಪರವಾನಗಿ ಮತ್ತು ವಾಸಸ್ಥಳಗಳನ್ನು ಎರಡು ವರ್ಷಗಳ ಮಟ್ಟಿಗೆ ನಿರ್ಬಂಧಿಸಿತು. 1940ರಲ್ಲಿ ಗೃಹಮಂತ್ರಿ ಲಾರೆನ್ಸ್ ಹೆಸರಿನ ಸಮಿತಿಯು ಡರ್ಬನ್ನಿನಲ್ಲಿ ಭಾರತೀಯರು ಬಿಳಿಯರ ಬಡಾವಣೆಗಳಲ್ಲಿ ಆಸ್ತಿ ಕೊಳ್ಳುವುದನ್ನು ಕಾನೂನಿಲ್ಲದೆ ಪರಸ್ಪರ ಒಪ್ಪಿಗೆಯಿಂದ ತಡೆಯಲು ಯತ್ನಿಸಿತು. ಅದೇ ವರ್ಷ ಭಾರತೀಯರ ‘ಒಳನುಸುಳುವಿಕೆ’ಯನ್ನು ಪರಿಶೀಲಿಸಲು ನ್ಯಾಯಮೂರ್ತಿ ಬ್ರೂಮ್ ಅವರ ಆಯೋಗ ನೇಮಕವಾಯಿತು. ಗಡಿಯಲ್ಲಿ ಹುಟ್ಟಿದ ವಲಸೆಯ ಶಬ್ದವು ಹೀಗೆ ಊರಿನ ಬೀದಿಗೆ ಬಂದಿತು. ಆ ನೆಲದಲ್ಲಿಯೇ ಹುಟ್ಟಿದವನು ಪಕ್ಕದ ಬೀದಿಯಲ್ಲಿ ಮನೆ ಕೊಂಡರೂ ‘ನುಸುಳಿದವ’ನಾದನು.

ಭಾರತದ ಪ್ರತಿನಿಧಿ ಮಾತನಾಡಬೇಕಾಗಿದ್ದುದು ಬ್ರಿಟಿಷ್ ಆಳ್ವಿಕೆಯ ಸರಕಾರದ ಪರವಾಗಿ. ಮನವಿ, ಮಾತುಕತೆ, ವಿಳಂಬ ಇವೇ ಅವರ ಸಾಧನಗಳು. ಇದನ್ನು ವ್ಯಕ್ತಿಯ ದೌರ್ಬಲ್ಯವೆನ್ನುವುದಕ್ಕಿಂತ ಸ್ಥಾನದ ದೌರ್ಬಲ್ಯವೆನ್ನುವುದೇ ಯುಕ್ತ. 1943ರಲ್ಲಿ ‘ಪೆಗ್ಗಿಂಗ್’ ಶಾಸನವೂ 1946ರಲ್ಲಿ ಏಷ್ಯನ್ನರ ಭೂಹಿಡುವಳಿ ಶಾಸನವೂ ಬಂದುದನ್ನು ನೋಡಿದರೆ ಈ ಮಾತು ದೃಢಪಡುತ್ತದೆ. 1946ರಲ್ಲಿ ಭಾರತವು ತನ್ನ ಹೈಕಮಿಷನರನ್ನು ಹಿಂದಕ್ಕೆ ಕರೆಸಿ, ವ್ಯಾಪಾರವನ್ನು ನಿಲ್ಲಿಸಿ, ವಿಷಯವನ್ನು ವಿಶ್ವಸಂಸ್ಥೆಗೆ ಒಯ್ದಿತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಿಂತಾಗ ಮಾತ್ರ ಇದು ಸಾಧ್ಯವಾಯಿತು.

1947-48ರಲ್ಲಿ ರಾಮರಾಯರು ಟೋಕಿಯೋದಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. ಆಗ ಭಾರತ ಸ್ವತಂತ್ರ. ಹಿಂದೆ ತನ್ನವರಿಗಾಗಿ ವಿನಾಯಿತಿ ಪಡೆದಿದ್ದ ಜಪಾನ್ ಪರರ ವಶದಲ್ಲಿತ್ತು. ವಲಸೆಯ ಸಂಧಾನಗಳನ್ನು ನಿರ್ಣಯಿಸಿದ್ದು ನ್ಯಾಯದ ವಾದಕ್ಕಿಂತ ರಾಷ್ಟ್ರದ ಸ್ಥಾನಮಾನವೇ ಎಂಬುದಕ್ಕೆ ಒಬ್ಬರೇ ಅಧಿಕಾರಿಯ ವೃತ್ತಿಜೀವನ ಸಾಕ್ಷಿಯಾಗಿದೆ. ಹುಬ್ಬಳ್ಳಿಯ ರೈಲ್ವೆ ಕುಟುಂಬಗಳ ಚರಿತ್ರೆಯನ್ನು ಊರಿನ ಎಲ್ಲೆಯಲ್ಲಿಯೇ ನಿಲ್ಲಿಸದೆ, ಅದು ತಲುಪಿದ ದೂರದ ನೆಲೆಗಳವರೆಗೂ ಅರಸಬೇಕೆಂಬುದಕ್ಕೂ ಇದೊಂದು ನಿದರ್ಶನ.