ಬೀಜದ ಹೋರಿಗಳ ಜನನಾಂಗ ಸೋಂಕುಗಳು: ಇತಿಹಾಸ

ಬೀಜದ ಹೋರಿಯ ಜನನಾಂಗಗಳಲ್ಲಿ ನೆಲೆಗೊಳ್ಳುವ ಬ್ಯಾಕ್ಟೀರಿಯಗಳಿಂದ ಎರಡು ಬಗೆಯ ಹಾನಿ ಒದಗುತ್ತದೆ. ಹೋರಿಯ ಸ್ವಂತ ಫಲಶಕ್ತಿ ಕುಂದುವುದು ಮೊದಲನೆಯದು. ಹೋರಿಯು ಹೊರನೋಟಕ್ಕೆ ಸರ್ವಾಂಗಪುಷ್ಟವಾಗಿದ್ದು, ಅದರ ರೇತಸ್ಸೂ ನಿರ್ದೋಷವೆಂದೇ ತೋರುತ್ತಿದ್ದು, ಅದನ್ನು ಹಾರಿಸಿದ ಆಕಳುಗಳು ಮಾತ್ರ ಗಬ್ಬ ನಿಲ್ಲದೆ ಮತ್ತೆ ಮತ್ತೆ ಬೆದೆಗೆ ಬರುವುದು ಇಲ್ಲವೆ ಕಂದು ಹಾಕುವುದು ಎರಡನೆಯದು. ಇವೆರಡನ್ನೂ ಒಂದೇ ಎಂದೆಣಿಸಿದ ಕಾರಣದಿಂದ ಈ ವಿಷಯದ ಹಳೆಯ ಬರಹಗಳಲ್ಲಿ ಬಹಳ ಗೊಂದಲವುಂಟಾಗಿದೆ. ನಿರ್ದೋಷಿಯಾದ ಹೋರಿಯ ಮೇಲೆ ಅಪವಾದ ಬಂದದ್ದೂ, ರೋಗವನ್ನು ಹೊತ್ತು ತಿರುಗುವ ಹೋರಿ ಮನ್ನಣೆ ಪಡೆದದ್ದೂ ಈ ಗೊಂದಲದಿಂದಲೇ.

ಅಥಣಿ ತಾಲ್ಲೂಕಿನ ಪೂರ್ವಭಾಗದಲ್ಲಿರುವ ತೆಲಸಂಗವೂ, ಅದರ ಸುತ್ತಣ ರಾಯಬಾಗ, ಚಿಕ್ಕೋಡಿ, ಕಾಗವಾಡ, ನಿಪ್ಪಾಣಿಗಳ ಸೀಮೆಯೂ ಖಿಲಾರಿ ಮತ್ತು ಕೃಷ್ಣಾ ಕಣಿವೆಯ ದನಗಳ ನಾಡು. ಎರೆಭೂಮಿಯ ಭಾರವಾದ ಉಳುಮೆಗೆ ತಕ್ಕ ಎತ್ತುಗಳೇ ಇಲ್ಲಿಯ ಪಶುಪಾಲನೆಯ ಮುಖ್ಯ ಗುರಿಯಾಗಿದ್ದುದರಿಂದ ಹೆಚ್ಚಿನ ಗಂಡುಕರುಗಳ ಬೀಜ ಒಡೆಸಿ, ಲಕ್ಷಣವಂತವಾದ ಕೆಲವನ್ನು ಮಾತ್ರ ಹೋರಿಗಳನ್ನಾಗಿ ಉಳಿಸಿಕೊಳ್ಳುವುದು ವಾಡಿಕೆ. ಹೀಗೆ ಉಳಿದ ಹೋರಿಯ ಬಳಿಗೆ ಸುತ್ತಣ ಊರುಗಳ ಆಕಳುಗಳನ್ನು ಹೊಡೆದುಕೊಂಡು ಬಂದು, ಒಡೆಯನಿಗೆ ಹಣ ಕೊಟ್ಟು ಹಾರಿಸುತ್ತಾರೆ. ದೇವರಿಗೆ ಬಿಟ್ಟ ಬಸವನಾದರೆ ಸ್ವೇಚ್ಛೆಯಿಂದ ಊರೂರು ತಿರುಗುತ್ತದೆ. ಸೀಮೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1933ರ ಪಶುಸುಧಾರಣಾ ಕಾನೂನು ಅಯೋಗ್ಯ ಹೋರಿಗಳ ಬೀಜ ಒಡೆಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಆದರೆ ಕೊಂಬು, ಬಣ್ಣ, ಮೈಕಟ್ಟುಗಳನ್ನು ಪರೀಕ್ಷಿಸಿ ಹೋರಿಯನ್ನು ಆರಿಸುವ ಪರಿಣತವಾದ ಕಣ್ಣಿಗೂ ಕಾಣದ ದೋಷವೊಂದು ಉಂಟೆಂಬುದೇ ಈ ಇತಿಹಾಸದ ತಿರುಳು.

ರೋಗಾಣುಗಳ ಶೋಧದ ವೃತ್ತಾಂತವು ಸುಪರಿಚಿತವಾದದ್ದು. 1887ರಲ್ಲಿ ಡೇವಿಡ್ ಬ್ರೂಸನು ಮಾಲ್ಟಾ ದ್ವೀಪದಲ್ಲಿ ಮನುಷ್ಯರ ಜ್ವರವೊಂದರ ರೋಗಾಣುವನ್ನು ಗುರುತಿಸಿದನು. 1897ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗನು ದನಗಳ ಗರ್ಭಸ್ರಾವದ ರೋಗಾಣುವನ್ನು ಬೇರ್ಪಡಿಸಿದನು. ಇವೆರಡೂ ಸಗೋತ್ರವೆಂದು 1918ರಲ್ಲಿ ಆಲಿಸ್ ಇವಾನ್ಸ್ ತೋರಿಸಿಕೊಟ್ಟ ಮೇಲೆ 1920ರಲ್ಲಿ ಬ್ರೂಸೆಲ್ಲ ಎಂಬ ಕುಲನಾಮವು ರೂಢಿಗೆ ಬಂದಿತು. ಕನ್ನಡದಲ್ಲಿ ಕಂದು ರೋಗವೆಂದು ಕರೆಯುವುದು ಈ ರೋಗಾಣು ದನಗಳಲ್ಲಿ ತರುವ ರೋಗವನ್ನೇ. ಭಾರತದಲ್ಲಿ ಈ ರೋಗವು ಮೊದಲು ಗುರುತಾದ ಕಾಲದ ವಿಷಯದಲ್ಲಿ ಮಾತ್ರ ಆಕರಗಳು ಒಂದನ್ನೊಂದು ಒಪ್ಪುವುದಿಲ್ಲ: 1942 ಎಂದು ಕೆಲವು ಹೇಳಿದರೆ, ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿಯೇ ಇದರ ಇರವು ಸಿದ್ಧವಾಗಿತ್ತೆಂದು ಬೇರೆ ಕೆಲವು ಹೇಳುತ್ತವೆ. ಒಂದೇ ಬರಹವು ಎರಡು ಮಾತನ್ನೂ ಉದ್ಧರಿಸುವುದುಂಟು.

ಕಂದು ರೋಗದ ಹರಡುವಿಕೆಯಲ್ಲಿ ಹೋರಿಯ ಪಾತ್ರವೇನೆಂಬುದು ಇದಕ್ಕಿಂತ ಗಹನವಾದ ವಿವಾದ. ಬ್ರೂಸೆಲ್ಲವು ಹೋರಿಯಲ್ಲಿ ವೃಷಣ, ಅಧಿವೃಷಣ ಮತ್ತು ಶುಕ್ರಕೋಶಗಳನ್ನು ಆಶ್ರಯಿಸುತ್ತದೆ. ಗಬ್ಬವಾದ ಆಕಳಿನ ಮಾಸಿನಲ್ಲಿ ಹೇರಳವಾಗಿರುವ ಎರಿಥ್ರಿಟಾಲ್ ಎಂಬ ಶರ್ಕರಸದೃಶ ದ್ರವ್ಯವು ಈ ರೋಗಾಣುವಿನ ಬೆಳವಣಿಗೆಗೆ ಅನುಕೂಲವೆಂದು 1962ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅದೇ ದ್ರವ್ಯವು ಗಂಡುಪಶುವಿನ ಜನನಾಂಗಗಳಲ್ಲಿಯೂ ಇರುವುದು ಬಳಿಕ ತಿಳಿದುಬಂದುದರಿಂದ, ರೋಗವು ಈ ಅಂಗಗಳನ್ನೇ ಆರಿಸಿಕೊಳ್ಳುವುದಕ್ಕೆ ಒಂದು ಕಾರಣ ಸಿಕ್ಕಂತಾಯಿತು. ವೃಷಣವು ಬಾತು, ಕೀವುಗಟ್ಟಿ, ಕೊನೆಗೆ ಒಳಗಿನ ಧಾತುವೆಲ್ಲ ನಶಿಸಿ ಗಡುಸಾಗುವುದುಂಟು. ಬಾವು ಇಳಿದ ಮೇಲೂ ಹಾನಿ ಮುಂದುವರಿಯುತ್ತದೆ. ವೃಷಣದ ಉಷ್ಣತೆ ದೇಹದ ಉಷ್ಣತೆಗಿಂತ ಕೆಲವು ಡಿಗ್ರಿಗಳಷ್ಟು ಕಡಿಮೆಯಿದ್ದರೆ ಮಾತ್ರ ಶುಕ್ರಾಣುಗಳು ಸರಿಯಾಗಿ ರೂಪುಗೊಳ್ಳುತ್ತವೆ. ಶುಕ್ರಾಣು ಪೂರ್ತಿಯಾಗಿ ರೂಪುಗೊಳ್ಳುವುದಕ್ಕೆ ಸುಮಾರು 61 ದಿನ, ಅಧಿವೃಷಣವನ್ನು ದಾಟಿ ಬರುವುದಕ್ಕೆ ಮತ್ತೆ ಒಂದು ವಾರಕ್ಕೂ ಮಿಕ್ಕಿ ಕಾಲ ಬೇಕು. ಆದ್ದರಿಂದ ಯಾವುದೇ ಸೋಂಕಿನ ಜ್ವರವು ಇಂದು ಬಂದರೆ ಅದರ ಫಲವು ವಾರಗಳ ತರುವಾಯ ರೇತಸ್ಸಿನಲ್ಲಿ ಕಾಣಿಸಿಕೊಂಡು, ಗುಣವಾದ ಹೋರಿಯೂ ಎರಡು ಮೂರು ತಿಂಗಳು ಮಂದಫಲವಾಗಿಯೇ ಉಳಿಯಬಹುದು. ಜ್ವರಕ್ಕೂ ಈ ನಿಷ್ಫಲತೆಗೂ ಇರುವ ನಂಟನ್ನು ರೈತನು ಕಾಣದೆ ಹೋದರೆ ಆತನ ದೋಷವಲ್ಲ.

ಇಷ್ಟಾದರೂ, ಸಹಜ ಹಾರಿಕೆಯಿಂದ ಕಂದು ರೋಗವು ಆಕಳಿಗೆ ತಗಲುವುದು ವಿರಳ. ಕಂದು ಹಾಕಿದ ಆಕಳಿನ ಮಾಸು, ಸ್ರಾವ, ಅವುಗಳಿಂದ ಮಲಿನವಾದ ಮೇವು ನೀರುಗಳೇ ಅದರ ರಾಜಮಾರ್ಗ. ಹೋರಿಯೇ ಮುಖ್ಯ ಅಪರಾಧಿಯೆಂಬ ಹಿಂದಿನ ಊಹೆಯನ್ನು ಇದು ಸಡಿಲಗೊಳಿಸಿತು. ಆದರೆ 1947ರಲ್ಲಿ ಡೆನ್ಮಾರ್ಕಿನ ಬೆಂಡಿಕ್ಸೆನ್ ಮತ್ತು ಬ್ಲೊಮ್ ಎಂಬ ವಿದ್ವಾಂಸರು, ರೋಗಗ್ರಸ್ತ ಹೋರಿಯ ರೇತಸ್ಸನ್ನು ಕೃತಕ ಗರ್ಭಧಾರಣೆಗೆ ಬಳಸಿದಾಗ ರೋಗವು ಹರಡುವುದನ್ನು ಪ್ರಕಟಪಡಿಸಿದರು. ಸಹಜ ಹಾರಿಕೆಯಲ್ಲಿ ಯೋನಿಯಲ್ಲಿಯೇ ತಡೆಯಲ್ಪಡುವ ರೋಗಾಣುವನ್ನು ಕೃತಕ ವಿಧಾನದ ನಳಿಕೆಯು ನೇರವಾಗಿ ಗರ್ಭಕೋಶದಲ್ಲಿ ಇಳಿಸಿಬಿಡುತ್ತದೆ. ಒಂದು ಹೋರಿಯ ರೇತಸ್ಸು ಸಾವಿರಾರು ಆಕಳುಗಳನ್ನು ಮುಟ್ಟುವ ಕಾಲವು ಆಗಷ್ಟೇ ಉದಯಿಸುತ್ತಿತ್ತು. ಈ ಇತಿಹಾಸದ ನಿಜವಾದ ತಿರುವನ್ನು ಬ್ಯಾಂಗನ ಶೋಧಕ್ಕಿಂತ ಹೆಚ್ಚಾಗಿ ಇಲ್ಲಿ ಗುರುತಿಸುವುದು ಯುಕ್ತ.

ಕ್ಯಾಂಪೈಲೋಬ್ಯಾಕ್ಟರ್ ಫೀಟಸ್ ಎಂಬ ಬ್ಯಾಕ್ಟೀರಿಯದ ಕಥೆ ಇದಕ್ಕೆ ಪೂರ್ಣ ವಿಪರೀತವಾದದ್ದು. 1919ರಿಂದ ವಿಬ್ರಿಯೊ ಫೀಟಸ್ ಎಂಬ ಹೆಸರಿನಲ್ಲಿದ್ದು 1963ರಲ್ಲಿ ಈಗಿನ ಕುಲನಾಮವನ್ನು ಪಡೆದ ಇದು ಮುಖ್ಯವಾಗಿ ಹಾರಿಕೆಯಿಂದ ಹರಡುತ್ತದೆ. ಹೋರಿಯ ಮುಂದೊಗಲಿನ ಸೂಕ್ಷ್ಮವಾದ ಸುಕ್ಕುಗಳಲ್ಲಿ ಇದು ವಾಸಿಸುತ್ತದೆ. ವಯಸ್ಸಾದಂತೆ ಆ ಸುಕ್ಕುಗಳು ಆಳವಾಗುವುದರಿಂದ ಐದಾರು ವರ್ಷ ದಾಟಿದ ಹೋರಿ ಅನೇಕ ಕಾಲ ವಾಹಕವಾಗಿ ಉಳಿಯುತ್ತದೆ. ಬಾವಿಲ್ಲ, ಜ್ವರವಿಲ್ಲ, ರೇತಸ್ಸಿನಲ್ಲಿ ನ್ಯೂನತೆಯಿಲ್ಲ. ಆಕಳಿನಲ್ಲಿ ಮಾತ್ರ ಭ್ರೂಣವು ಎಳೆಯದಾಗಿರುವಾಗಲೇ ನಾಶವಾಗಿ, ಬೆದೆಯ ಕಾಲಕ್ರಮ ತಪ್ಪುತ್ತದೆ. ಕೆಲವು ತಿಂಗಳಲ್ಲಿ ಆಕಳು ಪ್ರತಿರೋಧಶಕ್ತಿಯನ್ನು ಗಳಿಸಿ ಮತ್ತೆ ಗಬ್ಬವಾಗುವುದಾದರೂ, ಅಷ್ಟರಲ್ಲಿ ಬಂಜೆಯೆಂಬ ಹೆಸರು ಹೊತ್ತು ಸಂತೆಯಲ್ಲಿ ಮಾರಾಟವಾಗಿ ಇನ್ನೊಂದು ಊರಿನ ಹೋರಿಗೆ ಸೋಂಕನ್ನು ಅಂಟಿಸಿರಬಹುದು. ಇದೇ ಲಕ್ಷಣಗಳನ್ನು ತೋರುವ ಟ್ರೈಕೊಮೊನಾಸ್ ಎಂಬುದು ಬ್ಯಾಕ್ಟೀರಿಯವಲ್ಲ, ಏಕಕೋಶದ ಆದಿಜೀವಿ. ಎರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸುವ ಪುಸ್ತಕಗಳು ಈ ಭೇದವನ್ನು ಮರೆಸಿಬಿಡುತ್ತವೆ. ಟ್ರುಪೆರೆಲ್ಲ, ಲೆಪ್ಟೋಸ್ಪೈರ, ಮೈಕೊಪ್ಲಾಸ್ಮ ಮೊದಲಾದವೂ ಹೋರಿಯ ಜನನಾಂಗಗಳಲ್ಲಿ ಸಿಗುತ್ತವೆ. ಮೊದಲನೆಯದು ಶುಕ್ರಕೋಶದ ಉರಿಯೂತಕ್ಕೆ ಪ್ರಸಿದ್ಧ.

ಭಾರತದಲ್ಲಿ ಕೃತಕ ಗರ್ಭಧಾರಣೆಯ ಆರಂಭವು ಕನ್ನಡನಾಡಿಗೇ ಸೇರಿದ ಕೀರ್ತಿ. 1939ರಲ್ಲಿ ಮೈಸೂರಿನ ಅರಮನೆಯ ಹೈನುಕ್ಷೇತ್ರದಲ್ಲಿ ಸಂಪತ್ ಕುಮಾರನ್ ಅವರು ಇದನ್ನು ಮೊದಲು ನಡೆಸಿದರು. 1942ರಲ್ಲಿ ಇಜ್ಜತನಗರದಲ್ಲಿ ಪ್ರಯೋಗಗಳು ತೊಡಗಿ, ಮುಂದೆ ಸ್ಥಾಪಿತವಾದ ಪ್ರಾದೇಶಿಕ ಕೇಂದ್ರಗಳಲ್ಲಿ ಬೆಂಗಳೂರೂ ಒಂದಾಯಿತು. 1949ರಲ್ಲಿ ಇಂಗ್ಲೆಂಡಿನಲ್ಲಿ ಗ್ಲಿಸರಾಲಿನ ರಕ್ಷಕಗುಣವು ತಿಳಿದುಬಂದ ಮೇಲೆ ರೇತಸ್ಸನ್ನು ಘನೀಕರಿಸಿಡುವುದು ಸಾಧ್ಯವಾಯಿತು. ಮೈನಸ್ 196 ಡಿಗ್ರಿಯ ದ್ರವಸಾರಜನಕದಲ್ಲಿ ಶುಕ್ರಾಣುವಿನೊಡನೆ ರೋಗಾಣುವೂ ಬದುಕಿ ಉಳಿಯುತ್ತದೆ. ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್‌ಗಳನ್ನು ರೇತಸ್ಸಿಗೆ ಬೆರೆಸುವ ಪದ್ಧತಿಯು ಕ್ಯಾಂಪೈಲೋಬ್ಯಾಕ್ಟರನ್ನು ಬಹುಮಟ್ಟಿಗೆ ಅಡಗಿಸಿತಾದರೂ ಬ್ರೂಸೆಲ್ಲದ ವಿಷಯದಲ್ಲಿ ಅದನ್ನು ನೆಚ್ಚುವಂತಿಲ್ಲ. ಹೋರಿಯನ್ನೇ ಪರೀಕ್ಷಿಸದೆ ಗತ್ಯಂತರವಿಲ್ಲ. 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಉತ್ಪಾದನಾ ಕೇಂದ್ರವು ಆರಂಭವಾಯಿತು. ಇಂತಹ ಕೇಂದ್ರಗಳಿಗೆ ಕೇಂದ್ರಸರ್ಕಾರವು 2004ರಲ್ಲಿ ವಿಧಿಸಿದ ಕನಿಷ್ಠ ಮಾನದಂಡಗಳ ಪ್ರಕಾರ ಕ್ಷಯ, ಜೋನ್ಸ್ ರೋಗ, ಬ್ರೂಸೆಲ್ಲ, ಕ್ಯಾಂಪೈಲೋಬ್ಯಾಕ್ಟರ್, ಟ್ರೈಕೊಮೊನಾಸ್‌ಗಳಿಗಾಗಿ ಹೋರಿಗಳನ್ನು ನಿಯತವಾಗಿ ಪರೀಕ್ಷಿಸಬೇಕು.

ತೆಲಸಂಗದ ಸೀಮೆಗೆ ಸಮೀಪದ ದಾಖಲೆಗಳು ಈಚಿನವು. ಬೆಂಗಳೂರಿನ ಇಸಳೂರ, ರೇಣುಕಾರಾಧ್ಯ ಮತ್ತು ರಾಜಶೇಖರ ಅವರು 1998ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 23 ರಾಜ್ಯಗಳ 30,437 ಮಾದರಿಗಳನ್ನು ಪರೀಕ್ಷಿಸಲಾಗಿ, ದನಗಳಲ್ಲಿ ಶೇಕಡ 1.9, ಎಮ್ಮೆಗಳಲ್ಲಿ 1.8ರಷ್ಟು ಕಂದು ರೋಗದ ಕುರುಹು ಕಂಡಿತು. ತೆಲಸಂಗದ ನೆರೆಯ ವಿಜಯಪುರದಲ್ಲಿಯಾದರೋ ರೋಗದ ಸಾಕ್ಷ್ಯವು ಮನುಷ್ಯರಿಂದಲೇ ದೊರೆಯಿತು. ಬಿ. ಜಿ. ಮಂಟೂರ ಮತ್ತು ಸಹೋದ್ಯೋಗಿಗಳು 2001ರಲ್ಲಿ ವೃಷಣದ ಬಾವಿನಿಂದ ಬಳಲಿದ ಐವರು ಬ್ರೂಸೆಲ್ಲ ರೋಗಿಗಳನ್ನು ವರ್ಣಿಸಿದರು. 2006ರಲ್ಲಿ ಹದಿನಾರು ವರ್ಷಗಳ ಅನುಭವವನ್ನು ಆಧರಿಸಿ 495 ವಯಸ್ಕ ರೋಗಿಗಳ ವಿವರವನ್ನು ಪ್ರಕಟಿಸಿದರು. ದನ ಕುರಿಗಳೊಡನೆ ಒಂದೇ ಸೂರಿನಡಿ ಬಾಳುವ ಸೀಮೆಯಲ್ಲಿ ಮನುಷ್ಯನ ಮತ್ತು ಪಶುವಿನ ಈ ವ್ಯಾಧಿಯನ್ನು ಬೇರೆ ಬೇರೆ ಗ್ರಂಥಗಳಲ್ಲಿ ಹಂಚಿಬಿಡುವುದು ಸರಿಯಲ್ಲವೆಂದು ಈ ದಾಖಲೆಗಳನ್ನು ಓದಿದವರಿಗೆ ಅನಿಸದೆ ಇರದು.

2019ರ ಸೆಪ್ಟೆಂಬರ್ 11ರಂದು ಮಥುರೆಯಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣುಕರುಗಳಿಗೆ ಕಂದು ರೋಗದ ಲಸಿಕೆ ಹಾಕಲಾಗುತ್ತದೆ. ಸಜೀವ ರೋಗಾಣುವಿನಿಂದಾದ ಆ ಲಸಿಕೆಯೇ ವೃಷಣದ ಉರಿಯೂತವನ್ನು ತರಬಲ್ಲುದಾದ್ದರಿಂದ ಗಂಡುಕರುಗಳಿಗೆ ಅದು ನಿಷಿದ್ಧ. ಹೀಗಾಗಿ ವೀರ್ಯಕೇಂದ್ರದ ಹೋರಿಗೆ ಪರೀಕ್ಷೆಯ ರಕ್ಷಣೆಯೂ, ಹೆಣ್ಣುಕರುವಿಗೆ ಲಸಿಕೆಯ ರಕ್ಷಣೆಯೂ ಇದ್ದು, ಊರಿನ ಖಿಲಾರಿ ಹೋರಿಯು ಇವೆರಡರ ನಡುವಣ ತೆರಪಿನಲ್ಲಿ ಉಳಿದಿದೆ. ಅದರ ರಕ್ತದಿಂದ ಬೇರ್ಪಡಿಸಿದ ಸೀರಮ್ಮಿನ ಹನಿಯೊಂದನ್ನು ರೋಸ್ ಬೆಂಗಾಲ್ ಪ್ರತಿಜನಕದೊಡನೆ ಬೆರೆಸಿ ನೋಡುವ ಕಂದು ರೋಗದ ಪರೀಕ್ಷೆಯು ನಾಲ್ಕು ನಿಮಿಷದ ಕೆಲಸ. ಅಥಣಿ ತಾಲ್ಲೂಕಿನ ಕೊಕಟನೂರಿನಲ್ಲಿಯೇ ಈಗ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ. ಕ್ಯಾಂಪೈಲೋಬ್ಯಾಕ್ಟರಿನ ಪರೀಕ್ಷೆ ಇಷ್ಟು ಸುಲಭವಲ್ಲ: ಮುಂದೊಗಲನ್ನು ತೊಳೆದು ತೆಗೆದ ನೀರಿನಲ್ಲಿ ಆ ರೋಗಾಣು ಗಾಳಿ ಸೋಕಿದರೆ ಬೇಗ ಸಾಯುವುದರಿಂದ, ವಿಶೇಷ ಪೋಷಕದ್ರಾವಣದಲ್ಲಿ ಇಡದಿದ್ದರೆ ಕೆಲವೇ ತಾಸುಗಳಲ್ಲಿ ಅದು ಪ್ರಯೋಗಾಲಯವನ್ನು ಸೇರಬೇಕಾಗುತ್ತದೆ.