ತೈವಾನಿನ ಪಾಠ, ಗೋರೆಗಾಂವಿನ ಮನೆ

ತೈವಾನ್ ಅಂದ ಕೂಡಲೇ ನಮಗೆ ನೆನಪಾಗುವುದು ಎರಡೇ. ಒಂದು ಕಂಪ್ಯೂಟರ್ ಚಿಪ್, ಇನ್ನೊಂದು 1945ರ ಆಗಸ್ಟ್ 18ರಂದು ತೈಪೆಯಲ್ಲಾದ ನೇತಾಜಿಯವರ ವಿಮಾನ ಅಪಘಾತ. 2024ರ ಅಕ್ಟೋಬರಿನಲ್ಲಿ ನಮ್ಮ ಮುಂಬಯಿಯಲ್ಲೂ ತೈವಾನಿನ ಕಚೇರಿಯೊಂದು ತೆರೆಯಿತು. ನಮ್ಮ ಸರಕಾರಕ್ಕೂ ಅವರಿಗೂ ಅಧಿಕೃತ ರಾಜತಾಂತ್ರಿಕ ಸಂಬಂಧ ಇಲ್ಲ. ಹಾಗಾಗಿ ಅದು ದೂತಾವಾಸ ಅಲ್ಲ, ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರ.

ಲಂಡನ್ನಿನ ಸೋಆಸ್ ವಿದ್ಯಾಸಂಸ್ಥೆಯಲ್ಲಿ 1999ರಿಂದ ತೈವಾನ್ ಅಧ್ಯಯನ ನಡೆಯುತ್ತಿದೆ. ಬೇಸಿಗೆಯಲ್ಲಿ ಅಲ್ಲಿಯ ಸಂಸ್ಕೃತಿ ಮತ್ತು ರಾಜಕೀಯವನ್ನು ಜೊತೆಗಿಟ್ಟು ಪಾಠ ಮಾಡುವ ಶಿಬಿರಗಳೂ ನಡೆದಿವೆ. ಸಿನಿಮಾ, ಚುನಾವಣೆ ಎರಡಕ್ಕೂ ಒಂದೇ ತರಗತಿ ಯಾಕಪ್ಪಾ ಅನ್ನಿಸಬಹುದು. ಆ ದ್ವೀಪದ ಭಾಷೆಯ ಕಥೆ ಕೇಳಿದರೆ ಉತ್ತರ ಸಿಗುತ್ತದೆ.

1895ರಿಂದ 1945ರ ತನಕ ತೈವಾನ್ ಜಪಾನಿನ ಕೈಯಲ್ಲಿತ್ತು. ಶಾಲೆಯಲ್ಲಿ ಜಪಾನಿ ಭಾಷೆ. ಯುದ್ಧದಲ್ಲಿ ಜಪಾನ್ ಸೋತ ಮೇಲೆ ಚೀನಾದ ಕುವೊಮಿಂಟಾಂಗ್ ಸರಕಾರ ಬಂತು. 1947ರ ಫೆಬ್ರವರಿ 27ರ ಸಂಜೆ ತೈಪೆಯಲ್ಲಿ ಕದ್ದು ಸಿಗರೇಟು ಮಾರುತ್ತಿದ್ದ ವಿಧವೆಯೊಬ್ಬಳನ್ನು ಅಧಿಕಾರಿಗಳು ಹೊಡೆದರು, ಗಲಾಟೆಯಲ್ಲಿ ಗುಂಡು ತಗುಲಿ ಒಬ್ಬ ಸತ್ತ. ಮರುದಿನ ಜನ ಬೀದಿಗಿಳಿದರು. ಆಮೇಲೆ ಬಂದಿಳಿದ ಸೈನ್ಯ ಕೊಂದವರ ಸಂಖ್ಯೆ 18,000ದಿಂದ 28,000 ಇರಬಹುದು ಅಂತ 1992ರ ಸರಕಾರಿ ವರದಿಯೇ ಹೇಳಿತು. 1949ರಿಂದ 1987ರ ತನಕ, 38 ವರ್ಷ, ಮಾರ್ಷಲ್ ಲಾ. ಈ ಹತ್ಯೆಯ ಮಾತೆತ್ತುವುದಕ್ಕೇ ಜನ ಹೆದರುತ್ತಿದ್ದರು.

ಶಾಲೆಯಲ್ಲಿ ಆಗ ಮ್ಯಾಂಡರಿನ್ ಮಾತ್ರ. ಮನೆಯ ತೈವಾನಿ, ಹಕ್ಕಾ ಅಥವಾ ಮೂಲನಿವಾಸಿಗಳ ಭಾಷೆ ಬಾಯಿಗೆ ಬಂದರೆ ದಂಡ. ಇಲ್ಲವೇ ಕುತ್ತಿಗೆಗೆ ಹಲಗೆ.

1989ರಲ್ಲಿ ಹೌ ಶಿಯಾವ್-ಶಿಯೆನ್ ಆ ಹತ್ಯೆಯ ಕಾಲವನ್ನು 'ಎ ಸಿಟಿ ಆಫ್ ಸ್ಯಾಡ್‌ನೆಸ್' ಸಿನಿಮಾದಲ್ಲಿ ತೋರಿಸಿದರು. ವೆನಿಸ್ಸಿನಲ್ಲಿ ಅದಕ್ಕೆ ಗೋಲ್ಡನ್ ಲಯನ್ ಬಂತು. ಮುಖ್ಯ ನಟ ಟೋನಿ ಲಿಯಂಗ್ ಹಾಂಗ್‌ಕಾಂಗಿನವರು, ಅವರಿಗೆ ತೈವಾನಿ ಬರುತ್ತಿರಲಿಲ್ಲ. ಹಾಗಾಗಿ ಪಾತ್ರವನ್ನೇ ಕಿವುಡ-ಮೂಕನನ್ನಾಗಿ ಮಾಡಿದರು. ಬಾಯಿ ಕಟ್ಟಿಸಿಕೊಂಡ ದೇಶದ ಕಥೆಗೆ ಅದೇ ಸರಿಹೊಂದಿತು.

ಅದಕ್ಕೆ ಒಂದು ವರ್ಷ ಮೊದಲು, 1988ರ ಡಿಸೆಂಬರಿನಲ್ಲಿ, ಹಕ್ಕಾ ಜನ 'ನಮ್ಮ ತಾಯ್ನುಡಿ ವಾಪಸು ಕೊಡಿ' ಅಂತ ತೈಪೆಯಲ್ಲಿ ಮೆರವಣಿಗೆ ಮಾಡಿದ್ದರು. 2001ರಿಂದ ಪ್ರಾಥಮಿಕ ಶಾಲೆಗಳಲ್ಲಿ ವಾರಕ್ಕೊಂದು ತಾಯ್ನುಡಿಯ ಪೀರಿಯಡ್ ಬಂತು. 2018ರಲ್ಲಿ ಕಾಯಿದೆ ಪಾಸಾಗಿ ಈ ನುಡಿಗಳಿಗೆಲ್ಲ ರಾಷ್ಟ್ರೀಯ ಭಾಷೆಯ ಸ್ಥಾನ ಸಿಕ್ಕಿತು. ಆದರೂ ಎಷ್ಟೋ ಮನೆಗಳಲ್ಲಿ ಅಜ್ಜಿ ತೈವಾನಿಯಲ್ಲಿ ಕೇಳಿದರೆ ಮೊಮ್ಮಗ ಮ್ಯಾಂಡರಿನ್ನಿನಲ್ಲೇ ಉತ್ತರಿಸುತ್ತಾನೆ.

ಇದನ್ನು ಓದುವಾಗ ನನಗೆ ಊರಿನ ಶಾಲೆ ನೆನಪಾಯಿತು. ನಮ್ಮದು ತುಳು ಮನೆಮಾತು. ಶಾಲೆಯೊಳಗೆ ತುಳು ಮಾತಾಡಿದರೆ ದಂಡ ಕಟ್ಟಬೇಕಿತ್ತು. ಕನ್ನಡ ಬರಲಿ ಅಂತಲೇ ಮಾಸ್ಟ್ರು ಹಾಗೆ ಮಾಡಿದ್ದು, ಬಂತು ಕೂಡ. ಇವತ್ತು ಇಷ್ಟು ಬರೆಯುತ್ತಿರುವುದು ಅದರಿಂದಲೇ. ಆದರೆ ಮನೆಮಾತು ಅಂದರೆ ತಪ್ಪು ಅನ್ನುವ ಭಾವನೆಯೂ ಅಲ್ಲಿಂದಲೇ ಬಂತು. ಮುಂಬಯಿಯಲ್ಲಿ ಕನ್ನಡಕ್ಕೆ ಜಾಗ ಇಲ್ಲ ಅಂತ ಕೊರಗುವ ನಾವು ಇದನ್ನೂ ಒಪ್ಪಿಕೊಳ್ಳಬೇಕು.

ಗೋರೆಗಾಂವಿನಲ್ಲಿ ನಮ್ಮ ಕುತ್ತಿಗೆಗೆ ಯಾರೂ ಹಲಗೆ ನೇತುಹಾಕಲಿಲ್ಲ. ಇಲ್ಲಿ ಕರ್ನಾಟಕ ಸಂಘ ಇದೆ, ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇದೆ. ಮಕ್ಕಳೊಡನೆ ಹಿಂದಿ, ಇಂಗ್ಲಿಷ್ ಶುರು ಮಾಡಿದವರು ನಾವೇ. ಅಡ್ಮಿಶನ್ ಇಂಟರ್‌ವ್ಯೂ ಹೆದರಿಕೆ, ಇನ್ನೇನು! ಸರಕಾರ ಕಸಿದದ್ದನ್ನು ವಾಪಸು ಕೇಳಲು ತೈವಾನಿಗರು ಮೆರವಣಿಗೆ ಹೋದರು. ನಾವೇ ಕೈಬಿಟ್ಟದ್ದನ್ನು ಯಾರ ಹತ್ತಿರ ಕೇಳುವುದು?

ನನ್ನ ಮೊಮ್ಮಗಳೊಡನೆ ರಾತ್ರಿ ಊಟದ ಹೊತ್ತಿಗೆ ತುಳು, ಕನ್ನಡ ಎರಡೂ ಶುರು ಮಾಡಿದ್ದೇನೆ. ಅವಳು ಹಿಂದಿಯಲ್ಲೇ ಉತ್ತರ ಕೊಡುತ್ತಾಳೆ. ಕೊಡಲಿ, ದಂಡವಂತೂ ಹಾಕುವುದಿಲ್ಲ. ನಿಮ್ಮ ಮನೆಯಲ್ಲಿ ಹೇಗೆ?