ಟಿನ್ ಫ್ಯಾಕ್ಟರಿಯ ಖಾಕಿ, ಹಳೆಯ ಅಳುಕು

ಬೆಂಗಳೂರಿನ ಟಿನ್ ಫ್ಯಾಕ್ಟರಿ ಸಿಗ್ನಲ್‌ನಲ್ಲಿ ಖಾಕಿ ಕಂಡೊಡನೆ, ಹೆಲ್ಮೆಟ್ಟು, ಕಾಗದಪತ್ರ ಎಲ್ಲ ಸರಿಯಿದ್ದವರಿಗೂ ಒಂದು ಅಳುಕು. ಲಂಚವೇ ಇದಕ್ಕೆ ಕಾರಣವೆನ್ನುವುದು ಸುಲಭದ ಉತ್ತರ. ಬೇರು ಅದಕ್ಕಿಂತ ಆಳದ್ದು. 1861ರ ಪೊಲೀಸ್ ಕಾಯ್ದೆ 1857ರ ದಂಗೆಯ ಬೆನ್ನಿಗೆ ಬಂದದ್ದು. ಜನರನ್ನು ಕಾಯುವುದಕ್ಕಿಂತ ಹದ್ದುಬಸ್ತಿನಲ್ಲಿಡುವುದೇ ಅದರ ಚಿಂತೆ. ಹನ್ನೊಂದು ವರ್ಷ ಕಳೆದು ಅದೇ ಬ್ರಿಟಿಷ್ ಸರ್ಕಾರ, ಸಾಕ್ಷ್ಯ ಕಾಯ್ದೆಯ 25ನೇ ಕಲಮಿನಲ್ಲಿ, ಪೊಲೀಸರೆದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸಕೂಡದು ಎಂದಿತು. 2023ರ ಹೊಸ ಸಾಕ್ಷ್ಯ ಕಾನೂನೂ ಆ ನಿಯಮವನ್ನು ಉಳಿಸಿಕೊಂಡಿದೆ. ಕಾನೂನೇ ಪೂರ್ತಿ ನಂಬದವರನ್ನು ದಾರಿಹೋಕ ನಂಬಲಿ ಎಂದರೆ ಹೇಗೆ?

ಹಾಗೆಂದು ಎಲ್ಲವನ್ನೂ ಬ್ರಿಟಿಷರ ತಲೆಗೆ ಕಟ್ಟಲಾಗದು. 1881ರ ನಂತರ ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿ ಉಳಿಯಿತು, ಸುತ್ತಲ ಸೀಮೆ ಮೈಸೂರು ಮಹಾರಾಜರದಾಯಿತು. ಆದರೆ 1938ರಲ್ಲಿ ವಿದುರಾಶ್ವತ್ಥದಲ್ಲಿ ಸೇರಿದ ಜನರ ಮೇಲೆ ಗುಂಡು ಹಾರಿಸಿದವರು ಮೈಸೂರಿನ ಪೊಲೀಸರೇ. ಅಪರಾಧ ಕಡಿಮೆಯಾದರೆ ಪೊಲೀಸರ ಮೇಲೆ ಅಭಿಮಾನ ತಾನೇ ಬರುತ್ತದೆ ಎಂಬ ವಾದವೂ ಪೂರ್ತಿ ನಿಲ್ಲುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಟಾಮ್ ಟೈಲರ್ 1990ರ ತಮ್ಮ ಪುಸ್ತಕದಲ್ಲಿ ತೋರಿಸಿದಂತೆ, ಫಲಿತಾಂಶಕ್ಕಿಂತಲೂ ತಮ್ಮನ್ನು ನಡೆಸಿಕೊಂಡ ರೀತಿ ನ್ಯಾಯವಾಗಿತ್ತೇ ಎಂಬುದೇ ಜನರ ತೀರ್ಪನ್ನು ರೂಪಿಸುತ್ತದೆ. ಹೆಚ್ಚಿನವರು ಠಾಣೆಯ ಮೆಟ್ಟಿಲು ಹತ್ತುವುದೇ ಅಪರೂಪ. ಅವರ ಪಾಲಿಗೆ ಇಡೀ ಇಲಾಖೆಯೆಂದರೆ ಹೊಗೆ ಕುಡಿಯುತ್ತ ನಿಂತ ಆ ಒಬ್ಬ ಟ್ರಾಫಿಕ್ ಪೇದೆ. ಆ ಪೇದೆಯ ಬಾಯಿಂದ ‘ಏಯ್’ ಬಂತೋ, ‘ಸರ್, ಸ್ವಲ್ಪ ಪಕ್ಕಕ್ಕೆ ಬನ್ನಿ’ ಬಂತೋ ಎಂಬುದು ದಂಡದ ಮೊತ್ತಕ್ಕಿಂತ ಹೆಚ್ಚು ದಿನ ನೆನಪಿರುತ್ತದೆ.